ನೆತ್ತಿಯ ಮೇಲೆ ನಾಗಪ್ಪನಿದ್ದ ಮನೆ

...ಇಲ್ಲ, ಗೀರು ಇದ್ದದ್ದು ಎಡಗಡೆಯ ಕಂಬದಲ್ಲೇ ಇರಬೇಕು. ಬಲಗಡೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಹಾಗೆ ಹೇಳುವಾಗಲೆಲ್ಲ ಕಣ್ಣೆದುರು ಬರುವ ಕಂಬದ ಮೇಲೆ ಎಳೆಬಿಸಿಲು ಬಿದ್ದಿರುತ್ತದೆ. ನಾವು ಅಲ್ಲಿಗೆ ಹೋದದ್ದು ಮಧ್ಯಾಹ್ನ. ಅಂದರೆ ಆ ಬಿಸಿಲನ್ನು ನಾನೇ ಎಲ್ಲಿಂದಲೋ ತಂದು ಹಚ್ಚಿದ್ದೇನೆ. ಬಿಸಿಲನ್ನು ತಂದವನು ಕಂಬವನ್ನೂ ತಂದಿರಬಹುದು. ಹೀಗೆ ಒಂದೊಂದೇ ಎಳೆ ಹಿಡಿದು ಜಗ್ಗುತ್ತ ಹೋದರೆ ಕೊನೆಗೆ ಕೈಯಲ್ಲಿ ಬಟ್ಟೆಯೂ ಉಳಿಯುವುದಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದವನು ಹೀಗೆ ಎಳೆ ಜಗ್ಗಬಾರದು. ಆದರೂ ಜಗ್ಗುತ್ತಿದ್ದೇನೆ.

ನಿನ್ನೆ ಮನೆಗೆ ಬಡಿಗ ಬಂದದ್ದೇ ಇದಕ್ಕೆಲ್ಲ ಕಾರಣ. ಮಜ್ಜಿಗೆ ಕಡೆಯುವ ಹಗ್ಗ ಸುತ್ತಿ ಸುತ್ತಿ ನಮ್ಮ ಅಡುಗೆಮನೆಯ ಕಂಬಕ್ಕೆ ಸೊಂಟದ ಎತ್ತರದಲ್ಲಿ ಒಂದು ಆಳವಾದ ಗೀರು ಬಿದ್ದಿದೆ. ಇವತ್ತಲ್ಲ ನಾಳೆ ಕಂಬ ಅಲ್ಲಿಯೇ ಮುರಿಯುತ್ತದೆ, ಬದಲಿಸಿಬಿಡಿ ಎಂದು ಬಡಿಗ ಹೇಳಿದ. ನಾನು ಆ ಗೀರಿನಲ್ಲಿ ಬೆರಳಿಟ್ಟು ನಿಂತುಬಿಟ್ಟೆ. ಅವನು ಕಾದು ಕಾದು, ಬಾಚಿ ಉಳಿಗಳನ್ನು ಚೀಲಕ್ಕೆ ಹಾಕಿಕೊಂಡು, ನಾಡಿದ್ದು ಬರುತ್ತೇನೆಂದು ಹೋದ. ಆ ಕಂಬ ಬದಲಿಸುವುದೋ ಅಥವಾ ಅದಕ್ಕೆ ಪೂಜೆ ಮಾಡುವುದೋ ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಆಕೆಗೆ ಅದು ತಮಾಷೆ. ನನಗಲ್ಲ. ಮಜ್ಜಿಗೆಯ ಹಗ್ಗ, ಪೂಜೆ, ಈ ಎರಡನ್ನೂ ಕಂಡ ಒಂದು ಕಂಬವನ್ನು ನಾನು ನೋಡಿದ್ದೇನೆ. ಬಾದಾಮಿಯಲ್ಲಿ, ಆಯಿಯ ಜೊತೆ ಹೋದಾಗ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ರೈಲು ನಮ್ಮ ಸೀಮೆಗೆ ಬಂದು ಹಳೆಯದಾಗಿತ್ತು, ಮೋಟಾರು ಇನ್ನೂ ಬಂದಿರಲಿಲ್ಲ. ಸಂತೆಯಲ್ಲಿ ರಾಣಿಯ ಮುಖದ ರೂಪಾಯಿಯ ಜೊತೆಗೆ ಬೋಳುತಲೆಯ ಹೊಸ ರಾಜನ ರೂಪಾಯಿಯೂ ಓಡಾಡತೊಡಗಿತ್ತು. ಆ ಕಾಲ. ಇಳಕಲ್ಲಿನಲ್ಲಿ ನಮ್ಮದು ಮಗ್ಗದ ಮನೆ. ನಾನೊಬ್ಬ ಮಾತ್ರ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮೇಲೆದ್ದು ಬಾಗಲಕೋಟೆಗೆ ಹೋಗಿ, ನಾಲ್ಕಕ್ಷರ ಇಂಗ್ಲಿಷು ಕಲಿತು, ಅಲ್ಲಿಯೇ ಒಬ್ಬ ಅರಳೆ ವ್ಯಾಪಾರಿಯ ಅಂಗಡಿಯಲ್ಲಿ ಕಾರಕೂನನಾಗಿದ್ದೆ. ಊರಿಗೆ ಬಂದಾಗ ಎಲ್ಲರಿಗೂ ಏನಾದರೊಂದು ತಿಳಿಸಿಕೊಡುತ್ತಿದ್ದೆ. ಭೂಮಿ ದುಂಡಗಿದೆ ಎಂದು ಚಿಗವ್ವನಿಗೆ ಹೇಳಿ, ಇದ್ದರೆ ಇರಲಿ, ನೀನು ಮೊದಲು ಕಾಲು ತೊಳೆದುಕೊಂಡು ಒಳಗೆ ಬಾ ಎಂದು ಅನ್ನಿಸಿಕೊಂಡದ್ದು ನೆನಪಿದೆ. ಚಿಗವ್ವನೆಂದರೆ ನನ್ನ ಕಾಕಾನ ಹೆಂಡತಿ. ಅವಳ ಸರದಿ ಮುಂದೆ ಬರುತ್ತದೆ.

ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸನ್ನೂ, ಅಂದರೆ ಉದ್ದಕ್ಕೆ ಹಾಯುವ ಎಳೆಗಳನ್ನೂ, ಸೆರಗಿನ ಕೆಂಪು ರೇಷ್ಮೆಯ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ನಮ್ಮ ಮನೆಯಲ್ಲಿ ಆ ಕೊಂಡಿಯ ಕೆಲಸ ಆಯಿಯದು. ಅವಳು ಅದನ್ನು ಕಣ್ಣಿನಿಂದ ಮಾಡುತ್ತಿರಲಿಲ್ಲ. ಬೆರಳುಗಳು ತಮ್ಮಷ್ಟಕ್ಕೆ ಮಾಡುತ್ತಿದ್ದವು, ಬಾಯಿ ತನ್ನಷ್ಟಕ್ಕೆ ಓಣಿಯ ಸುದ್ದಿ ಹೇಳುತ್ತಿತ್ತು. ಕೊಂಡಿ ಹಾಕುವವಳೇ ಮನೆಯ ಕೀಲಿಕೈಗಳನ್ನೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ನಮ್ಮಲ್ಲಿ ನಡೆದು ಬಂದದ್ದು. ಯಾಕೆಂದು ಯಾರೂ ಕೇಳಿರಲಿಲ್ಲ. ಎರಡಕ್ಕೂ ನೆಟ್ಟಗಿನ ತಲೆ ಬೇಕೆಂದು ಇರಬಹುದು.

ಮುತ್ಯಾ, ಅಂದರೆ ಆಯಿಯ ಗಂಡ, ತೀರಿಕೊಂಡು ಒಂದು ವರ್ಷವಾಗಿರಬೇಕು. ಒಂದು ದಿನ ಆಯಿ ಕೊಂಡಿ ಹಾಕುತ್ತ ಹಾಕುತ್ತ, ಬಾದಾಮಿಯಲ್ಲಿ ತನ್ನದೊಂದು ಮನೆಯಿತ್ತು, ಅದನ್ನೊಮ್ಮೆ ನೋಡಬೇಕು ಎಂದಳು. ಅಪ್ಪ ಲಾಳಿ ಎಸೆಯುವುದನ್ನು ನಿಲ್ಲಿಸಿದರು. ಆಯಿಯ ತವರು ಹುನಗುಂದ. ಅವಳ ಅಣ್ಣನ ಮಕ್ಕಳು ಇವತ್ತಿಗೂ ಅಲ್ಲಿದ್ದಾರೆ.

“ಬಾದಾಮಿ ಎಲ್ಲಿಂದ ಬಂತು ಯವ್ವಾ? ನಿನ್ನ ತವರು ಹುನಗುಂದಲ್ಲೇನ?” ಎಂದರು.

“ಹುನಗುಂದ ಆಮ್ಯಾಲಿಂದು. ನಾ ಹುಟ್ಟಿದ ಮನಿ ಬಾದಾಮ್ಯಾಗ ಐತಿ.”

ಎಂಥ ಮನೆ ಎಂದು ಕೇಳಿದರೆ ಅವಳು ಹೇಳಿದ್ದನ್ನು ಕೇಳಿ ಇಡೀ ಮನೆ ದಂಗಾಯಿತು. ಆ ಮನೆಗೆ ಮಣ್ಣಿನ ಗೋಡೆಯೇ ಇಲ್ಲವಂತೆ. ಮಲಗಿ ಮೇಲೆ ನೋಡಿದರೆ ನೆತ್ತಿಯ ಮೇಲೆ ನಾಗಪ್ಪ ಸುರುಳಿ ಸುತ್ತಿಕೊಂಡು ಕೆಳಗೆ ನೋಡುತ್ತಿದ್ದನಂತೆ. ಬಾಗಿಲ ಮೇಲೆ ಗಂಡ ಹೆಂಡಿರು ಜೋಡಿ ಜೋಡಿಯಾಗಿ ಹಾರುತ್ತಿದ್ದರಂತೆ. ಪಡಸಾಲೆಯಲ್ಲಿ ಮೂಗಿಲ್ಲದ ಎತ್ತು ಕುಳಿತಿತ್ತು, ಅದರ ಬೆನ್ನ ಮೇಲೆ ಅವ್ವ ಹಪ್ಪಳ ಒಣಗಿಸುತ್ತಿದ್ದಳು ಎಂದಳು. ಹೇಳುವಾಗ ಅವಳ ಬೆರಳುಗಳು ಒಂದು ಎಳೆಯನ್ನೂ ತಪ್ಪಲಿಲ್ಲ. ಆದರೆ ಅದನ್ನು ನೋಡುವವರು ಯಾರಿದ್ದರು? ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಹಿಂದಿನ ವಾರ ಹಾಸಿನ ಎಳೆಗಳಿಗೆ ಹಚ್ಚುವ ಗಂಜಿಗೆ ಯಾರೋ ಉಪ್ಪು ಹಾಕಿದ್ದರು. ಅದೂ ಆಯಿಯೇ ಎಂದು ಅವತ್ತೇ ತೀರ್ಮಾನವಾಯಿತು.

ಅಪ್ಪ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅವರು ಕೆಟ್ಟವರಲ್ಲ. ಒಂದು ಕೊಂಡಿ ಕೆಟ್ಟರೆ ಒಂದು ಸೀರೆಯೇ ಹೋಯಿತು ಎನ್ನುವ ಮನುಷ್ಯ.

“ಬಾದಾಮಿಗೆ ಕರ್ಕೊಂಡು ಹೋಗಿ ಬಾ. ಮನಿ ಇದ್ರ ಇತ್ತು. ಇಲ್ಲಂದ್ರ ಅವ್ವನ ತೆಲಿ ಸಡ್ಲಾಗೇತಂತ ತಿಳೀಬೇಕು. ಕೊಂಡಿ, ಕೀಲಿ ಎರಡೂ ನಿನ್ನ ಚಿಗವ್ವಗ ಕೊಡ್ತೇನಿ. ಬಂದು ಖರೆ ಹೇಳು,” ಎಂದರು.

ಕೊಂಡಿಯಿಲ್ಲದ ಆಯಿ ಏನು ಮಾಡುತ್ತಾಳೆ ಎಂದು ನಾನು ಕೇಳಲಿಲ್ಲ. ನಮ್ಮ ಓಣಿಯಲ್ಲಿ ಹಾಗೆ ಕೆಲಸ ಕಳೆದುಕೊಂಡ ಮುದುಕಿಯರನ್ನು ನಾನು ಕಂಡಿದ್ದೆ. ಕಟ್ಟೆಯ ಮೇಲೆ ಕೂರಿಸಿರುತ್ತಾರೆ, ಹೊತ್ತಿಗೆ ಸರಿಯಾಗಿ ಉಣ್ಣಲು ಕೊಡುತ್ತಾರೆ. ಅವರ ಬೆರಳುಗಳು ಮಾತ್ರ ಸೆರಗಿನ ತುದಿಯನ್ನು ಹಿಡಿದು ಇಡೀ ದಿನ ಇಲ್ಲದ ಎಳೆಯನ್ನು ಕೂಡಿಸುತ್ತಿರುತ್ತವೆ.

ನಾನು ಯೋಜನೆ ಹಾಕಿದೆ. ಆಗ ನನಗೆ ಯೋಜನೆ ಹಾಕುವ ಚಟವಿತ್ತು. ಗಾಡಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಎರಡು ಕೌದಿ. ಹುನಗುಂದದಲ್ಲಿ ಅವಳ ತವರಿನವರ ಮನೆಯಲ್ಲಿ ವಸತಿ, ಶಿರೂರಿನಲ್ಲಿ ಎತ್ತಿಗೆ ನೀರು, ಆಯಿಗೆ ನೆರಳು. ಬಾಗಲಕೋಟೆಯ ನನ್ನ ಕೋಣೆಯಲ್ಲಿ ಒಂದು ದಿನ ವಿಶ್ರಾಂತಿ. ಮರುದಿನ ಬೆಳಗಿನ ರೈಲಿಗೆ ಬಾದಾಮಿ, ಸಂಜೆಯ ರೈಲಿಗೆ ತಿರುಗಿ ಬರುವುದು. ಬಾದಾಮಿಯಲ್ಲಿ ಅವಳನ್ನು ಹೆಚ್ಚು ನಡೆಸುವುದಿಲ್ಲ. ಹೊಂಡದ ದಂಡೆಯ ಮೇಲೆ ಕೂರಿಸುವುದು. ಗುಡ್ಡದ ಬಂಡೆಯಲ್ಲಿ ಕೊರೆದ ಗುಹೆಗಳ ಮೇಣಬಸದಿಯ ಮೆಟ್ಟಿಲು ಹತ್ತಿಸದೆ ಕೆಳಗಿನಿಂದಲೇ ಬೆರಳು ಮಾಡಿ ತೋರಿಸುವುದು. ಕೂರಲು ಒಂದು ಮಣೆ, ಕುಡಿಯಲು ತಂಬಿಗೆ, ಕೋತಿಗಳ ಸಲುವಾಗಿ ಒಂದು ಕೋಲು. ಚಾಲುಕ್ಯರ ಬಗ್ಗೆ ನಮ್ಮ ಮಾಸ್ತರರು ಹೇಳಿದ್ದನ್ನು ಮುದುಕಿಯರಿಗೆ ತಿಳಿಯುವ ಹಾಗೆ ಹೇಳಲು ಒಂದು ಭಾಷಣವನ್ನೂ ತಯಾರು ಮಾಡಿಕೊಂಡಿದ್ದೆ.

ಈಗ ನೋಡಿದರೆ, ಆ ಯೋಜನೆಯಲ್ಲಿ ಆಯಿಯ ಮನೆಯನ್ನು ಹುಡುಕಲು ಒಂದು ಗಳಿಗೆಯೂ ಇರಲಿಲ್ಲ. ಊರು ತೋರಿಸಿ, ಉಣ್ಣಿಸಿ, ದಣಿಸದೆ ಕರೆತಂದರೆ ಮನೆಯ ಮಾತನ್ನು ಅವಳೇ ಮರೆಯುತ್ತಾಳೆ ಎಂದುಕೊಂಡಿದ್ದೆ. ಅಪ್ಪನ ತೀರ್ಪಿಗೆ ನಾನು ಒಳಗೊಳಗೇ ಆಗಲೇ ರುಜು ಹಾಕಿಬಿಟ್ಟಿದ್ದೆ.

ದಾರಿಯ ಬಗ್ಗೆ ಹೆಚ್ಚೇನೂ ನೆನಪಿಲ್ಲ. ರೈಲಿನಲ್ಲಿ ಆಯಿ ಬಾಕಿನ ಮೇಲೆ ಕೂರಲು ಒಪ್ಪದೆ ಕೆಳಗೆ ಕುಳಿತಳು, ಇದು ಖಾತ್ರಿ. ಗುಳೇದಗುಡ್ಡದ ಖಣದ ಹೊಸ ಕುಪ್ಪಸ ತೊಟ್ಟಿದ್ದಳು, ಇದೂ ಖಾತ್ರಿ. ಬನಶಂಕರಿಗೆ ಹರಕೆ ತೀರಿಸಲು ನಾವೆಲ್ಲ ಗಾಡಿ ಕಟ್ಟಿಕೊಂಡು ಹೋದಾಗಲೆಲ್ಲ ಬಾದಾಮಿ ದಾಟುವಾಗ ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು ಎಂದು ರೈಲಿನಲ್ಲಿ ನನಗೆ ನೆನಪಾಯಿತು ಎಂದು ಬರೆಯುವ ಆಸೆಯಾಗುತ್ತದೆ. ಬರೆದರೆ ಚೆನ್ನಾಗಿ ಕೂಡುತ್ತದೆ. ಅಷ್ಟು ಚೆನ್ನಾಗಿ ಕೂಡುವುದರಿಂದಲೇ ಅದು ಸುಳ್ಳಿರಬೇಕೆಂದು ಅನುಮಾನ.

ಬಾದಾಮಿ ಸ್ಟೇಷನ್ನಿನಿಂದ ಊರು ದೂರ. ಹುಸೇನಸಾಬ ಎನ್ನುವವನ ಟಾಂಗಾ ಸಿಕ್ಕಿತು. ನಾನು ಹೊಂಡಕ್ಕೆ ಹೋಗಬೇಕು ಎಂದೆ. ಆಯಿ, ಮೊದಲು ಮನೆಗೆ ಎಂದಳು. ಯಾರ ಮನೆ ಎಂದು ಅವನು ಕೇಳಿದ. ಆಯಿ ಅವನಿಗೂ ಎಲ್ಲ ಹೇಳಿದಳು. ನಾಗಪ್ಪ, ಹಾರುವ ಗಂಡ ಹೆಂಡಿರು, ಮೂಗಿಲ್ಲದ ಎತ್ತು. ನಾನು ನಾಚಿಕೆಯಿಂದ ರಸ್ತೆಯ ಕಡೆ ನೋಡುತ್ತ ಕುಳಿತೆ. ಟಾಂಗಾದವನು ನಗುತ್ತಾನೆ, ಸಂಜೆ ಸ್ಟೇಷನ್ನಿನಲ್ಲಿ ನಾಲ್ಕು ಜನಕ್ಕೆ ಹೇಳುತ್ತಾನೆ ಎಂದುಕೊಂಡೆ. ಅವನು ನಕ್ಕದ್ದು ಹೌದು.

“ಇಂಥಾ ಮನಿ ನಮ್ಮೂರಾಗ ಭಾಳ ಅದಾವಬೇ. ಬಾಡಿಗಿಗೆ ಒಂದೂ ಇಲ್ಲ ನೋಡ್ರಿ,” ಎಂದ. ತನ್ನ ಕುದುರೆಯನ್ನು ಕಟ್ಟುವುದೂ ಅಂಥದೊಂದರಲ್ಲೇ, ಮಳೆಗಾಲದಲ್ಲಿ ಒಂದು ಹನಿ ಸೋರುವುದಿಲ್ಲ, ರಾಜರು ಕಟ್ಟಿಸಿದ್ದು ಎಂದ.

ನನಗೆ ಗ್ರಹಿಕೆಯಾಗಲು ತುಸು ಹೊತ್ತು ಬೇಕಾಯಿತು.  ಆಯಿ ಹೇಳುತ್ತಿದ್ದದ್ದು ಗುಡಿ. ಚಾಲುಕ್ಯರ ಕಾಲದ, ದೇವರಿಲ್ಲದೆ ಖಾಲಿ ಬಿದ್ದ, ಕಲ್ಲಿನ ಗುಡಿ. ಆ ಗುಡಿಗಳ ಬಗ್ಗೆಯೇ ನಾನು ಭಾಷಣ ತಯಾರು ಮಾಡಿಕೊಂಡು ಬಂದಿದ್ದೆ. ಐಹೊಳೆಯಲ್ಲಿ ಹಾಗೆ ಜನ ಸಂಸಾರ ಹೂಡಿರುವುದನ್ನು, ಗುಡಿಗೆ ದೇವರ ಹೆಸರು ಮರೆತು ಒಳಗಿದ್ದ ಮನುಷ್ಯನ ಹೆಸರೇ ನಿಂತಿರುವುದನ್ನು ಕೇಳಿದ್ದೆ. ಕೇಳಿದ್ದು ಬೇರೆ. ನಮ್ಮ ಆಯಿ, ಸೋಮವಾರ ಗುಡಿಯ ಹೊಸ್ತಿಲಿಗೆ ಹಣೆ ಹಚ್ಚದೆ ಬಾಯಿಗೆ ನೀರು ಹಾಕದ ಆಯಿ, ಗುಡಿಯಲ್ಲಿ ಒಲೆ ಹೂಡಿದವರ ಮಗಳು!

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆಯಿ ಸಂಚಿ ಬಿಚ್ಚಿ ಅಡಿಕೆ ಹುಡುಕುತ್ತ ಹೇಳಿದಳು. ಅವಳಪ್ಪ ಕೂಲಿಗೆ ನೇಯುವವನು, ಬಡವ. ಖಾಲಿ ಗುಡಿಯಲ್ಲಿ ಮಗ್ಗ ಹಾಕಿದ್ದ. ಅವಳು ಸಣ್ಣವಳಿದ್ದಾಗಲೇ ಹುನಗುಂದಕ್ಕೆ ಹೋದರು. ಮುಂದೆ ಇಳಕಲ್ಲಿನ ದೊಡ್ಡ ಮನೆಯಿಂದ ಸಂಬಂಧ ಬಂತು. ದೇವರ ಮನೆಯಲ್ಲಿ ಉಂಡು ಮಲಗಿ ಬೆಳೆದ ಹುಡುಗಿ ಎಂದು ತಿಳಿದರೆ ಸಂಬಂಧ ಮುರಿಯುತ್ತದೆ ಎಂದು ಅವಳವ್ವ ಬಾಯಿ ಕಟ್ಟಿದಳು. ಅತ್ತೆ, ಗಂಡ ಇರುವ ತನಕ ಉಸಿರೆತ್ತಬೇಡ ಎಂದು ಆಣೆ ಹಾಕಿಸಿಕೊಂಡಳು.

“ಅತ್ತಿ ಹೋದ್ಲು. ಈಗ ನಿಮ್ಮ ಮುತ್ಯಾನೂ ಹೋದ. ಇನ್ಯಾರಿಗೆ ಅಂಜಲೋ ಈರ್ಯಾ?”

ಮಗನಿಗೆ ಅಂಜಬೇಕು ಎಂದು ನಾನು ಹೇಳಲಿಲ್ಲ. ಹಿತ್ತಲಲ್ಲಿ ನಡೆದ ಮಾತು ಅವಳಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತೋ ಏನೋ. ನಮ್ಮ ಹಿತ್ತಲಿಗೂ ಮಗ್ಗದ ಕೋಣೆಗೂ ನಡುವೆ ಇದ್ದದ್ದು ಒಂದು ತಟ್ಟಿ.

ಹುಸೇನಸಾಬ ಮೊದಲು ಕರೆದೊಯ್ದ ಗುಡಿಯಲ್ಲಿ ಒಂದು ಸಂಸಾರ ಇನ್ನೂ ಇತ್ತು. ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಅರಿವೆ ಹರವಿದ್ದರು. ಎಮ್ಮೆಯೊಂದು ಕಟ್ಟೆಯ ಮೇಲೆ ಮೆಲುಕು ಹಾಕುತ್ತಿತ್ತು. ಒಬ್ಬ ಹೆಂಗಸು ದ್ವಾರಪಾಲಕನ ಮೊಣಕಾಲಿಗೆ ಒರಗಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅವಳು ಕೂಡ ಯಾರ ಮನೆಗೆ ಬಂದಿರಿ ಎಂದೇ ಕೇಳಿದಳು. ಆಯಿ ಮೇಲೆ ನೋಡಿದಳು. ನೆತ್ತಿಯಲ್ಲಿ ನಾಗಪ್ಪನಿದ್ದ, ಸುರುಳಿ ಸುತ್ತಿಕೊಂಡು.  ಆದರೆ ಆಯಿ ತಲೆಯಾಡಿಸಿ, ಇದಲ್ಲ, ನಮ್ಮ ನಾಗಪ್ಪನ ಮುಖ ಇಷ್ಟು ಸಿಟ್ಟಿನದಲ್ಲ ಎಂದು ಹೊರಬಂದಳು. ಆಗ ನನಗೆ ಬೇರೆಯೇ ದಿಗಿಲು ಹತ್ತಿತು. ಹೀಗೆ ಒಂದೊಂದನ್ನೂ ನೋಡಿ ಇದಲ್ಲ ಇದಲ್ಲ ಎನ್ನುತ್ತ ಹೋದರೆ ಸಂಜೆಗೆ ನಾನು ಅಪ್ಪನಿಗೆ ಹೇಳುವುದೇನು?

ಹೊಂಡವನ್ನು ನಾವು ಟಾಂಗಾದಿಂದಲೇ ನೋಡಿದೆವು. ಮೇಣಬಸದಿ ಯಾವಾಗ ಬೆನ್ನಿಗೆ ಬಂತೋ ತಿಳಿಯಲಿಲ್ಲ. ಕಟ್ಟಿಕೊಂಡು ಬಂದ ಮಣೆಯನ್ನು ಬಿಚ್ಚಲಿಲ್ಲ. ಕೋಲನ್ನು ಮಾತ್ರ ಒಂದು ಕೋತಿ ಕಿತ್ತುಕೊಂಡು ಹೋಯಿತು.

ಎರಡನೆಯ ಗುಡಿ ಇದ್ದದ್ದು ಇಕ್ಕಟ್ಟಾದ ಓಣಿಯ ತುದಿಯಲ್ಲಿ. ಟಾಂಗಾ ಒಳಗೆ ಬರಲಿಲ್ಲ. ಆಯಿ ನನ್ನ ತೋಳು ಹಿಡಿದು ನಡೆಯುತ್ತಿದ್ದವಳು, ಓಣಿ ತಿರುಗಿದ್ದೇ ತೋಳು ಬಿಟ್ಟಳು. ಆ ಗುಡಿಗೆ ಒಳಗೂ ಹೊರಗೂ ಸುಣ್ಣ ಬಳಿದಿದ್ದರು. ಬಾಗಿಲಿಗೆ ಗಂಟೆ. ಮೊದಲು ಅಲ್ಲಿ ಯಾರೋ ಇದ್ದರಂತೆ. ಊರ ಹಿರಿಯರು ಅವರಿಗೆ ಬೇರೆ ಜಾಗ ಕೊಟ್ಟು ಬಿಡಿಸಿ, ಹೊಸ ಲಿಂಗ ತಂದು ಕೂರಿಸಿ, ಪೂಜೆಗೆ ಹಚ್ಚಿದ್ದರಂತೆ. ಇದನ್ನು ಹೇಳಿದವನು ಅಲ್ಲಿಯ ಪೂಜಾರಿ ಅಯ್ಯ, ಹೆಚ್ಚೆಂದರೆ ಮೂವತ್ತು ವರ್ಷದವನು. ಹಣೆಯ ತುಂಬ ವಿಭೂತಿ. ನಮ್ಮನ್ನು ದೂರದ ಭಕ್ತರೆಂದು ತಿಳಿದು ಸಂತೋಷಪಟ್ಟ.

ಆಯಿ ಕೈ ಮುಗಿಯಲಿಲ್ಲ. ಮೇಲೆ ನೋಡಿದಳು. ನಾಗಪ್ಪನಿಗೂ ಸುಣ್ಣ ಬಳಿದಿದ್ದರು. ಅವನ ಮುಖ ಸಿಟ್ಟಿನದೋ ಶಾಂತವೋ ಹೇಳಲು ಬರುವಂತಿರಲಿಲ್ಲ. ಆಮೇಲೆ ಅವಳು ಬಲಗಡೆಯ (ಅಥವಾ ಎಡಗಡೆಯ) ಕಂಬಕ್ಕೆ ಹೋಗಿ ಅದನ್ನು ಸವರತೊಡಗಿದಳು. ಕಂಬದಲ್ಲಿ ಒಬ್ಬ ಹೆಣ್ಣು, ಸುಣ್ಣದ ಅಡಿಯಲ್ಲೂ ಮಾಟವಾಗಿ ನಿಂತಿದ್ದಳು. ಅವಳ ನಡುವಿನ ಸುತ್ತ ಒಂದು ಗೆರೆ. ಇಷ್ಟು ಹೊತ್ತು ಒಳಗೇ ಕೊಳೆಯುತ್ತಿದ್ದ ನನ್ನ ಭಾಷಣಕ್ಕೆ ದಾರಿ ಸಿಕ್ಕಿತು. ಶಿಲ್ಪಿಗಳು ನಡುಪಟ್ಟಿಯನ್ನು ಎಷ್ಟು ನಾಜೂಕಾಗಿ ಕೆತ್ತಿದ್ದಾರೆ ನೋಡು ಆಯಿ ಎಂದೆ.

ಆಯಿ ಹೆಬ್ಬೆರಳಿನಿಂದ ಸುಣ್ಣ ಕೆದರಿ ಗೆರೆಯೊಳಗೆ ಬೆರಳಿಟ್ಟಳು. ಬೆರಳು ಒಳಗೆ ಹೋಯಿತು.

“ಹುಚ್ಚಪ್ಪಾ, ಪಟ್ಟಿ ಅಲ್ಲಿದು. ನಮ್ಮವ್ವ ಮಜ್ಜಗಿ ಹಗ್ಗ ಕಟ್ಟತಿದ್ದ ಜಾಗಾ. ಈಕಿ ನಡಾ ಹಗ್ಗಕ್ಕ ಸವದೈತಿ. ಪಾಪ, ಎಂದೂ ಒಂದ್ ಮಾತ್ ಅಂದಾಕಿ ಅಲ್ಲ.”

ಪೂಜಾರಿ ನಗುತ್ತಿದ್ದವನು ನಗು ನಿಲ್ಲಿಸಿದ. ಆಯಿ ಅವನ ಕಡೆ ನೋಡದೆ ಗರ್ಭಗುಡಿಯ ಕಡೆ ನಡೆದಳು. ಅವನು ಓಡಿಬಂದು ಅಡ್ಡ ನಿಂತ. ಒಳಗೆ ಹೋಗುವಂತಿಲ್ಲ, ಇಲ್ಲಿಂದಲೇ ಕೈ ಮುಗಿಯಿರಿ ಎಂದ. ಮರ್ಯಾದೆಯಿಂದಲೇ ಹೇಳಿದ.

“ತಮ್ಮಾ, ನಾ ಹುಟ್ಟಿದ್ದು ಒಳಗ,” ಎಂದಳು ಆಯಿ. “ಗಾಳಿ ಬರೂದಿಲ್ಲಂತ ಅದನ್ನ ಬಾಣಂತಿ ಖೋಲಿ ಮಾಡಿದ್ರು. ನಟ್ಟನಡುವ ಒಂದ್ ಕುಣಿ ಇತ್ತು, ಹಿಂದ ಯಾವಾಗೋ ಲಿಂಗ ಕಿತ್ತದ್ದು. ನನ್ನ ಕಸ ಆ ಕುಣ್ಯಾಗ ಹುಗದು ಮ್ಯಾಲ ಸೆಗಣಿ ಸಾರಿಸಿದ್ರಂತ ನಮ್ಮವ್ವ ಹೇಳ್ತಿದ್ಲು.”

ಹೆರಿಗೆಯ ಕಸ. ಮಗುವಿನ ಬೆನ್ನಿಗೆ ಬರುವ ಮಾಸು. ಅದನ್ನು ಮನೆಯ ಹತ್ತಿರ ನೆಲದಲ್ಲಿ ಹೂಳುವುದು ಎಲ್ಲರ ಪದ್ಧತಿ. ಆದರೆ ಅವಳು ಬೆರಳು ಮಾಡಿದ ಕಡೆ, ಆ ಕುಣಿಯ ಮೇಲೆ, ಈಗ ಲಿಂಗವಿತ್ತು. ಅದರ ಮೇಲೆ ಅದೇ ಬೆಳಿಗ್ಗೆ ಏರಿಸಿದ ಬಿಲ್ಪತ್ರೆ ಇನ್ನೂ ಹಸಿರಾಗಿತ್ತು.

ಆ ಗಳಿಗೆಯ ಬಗ್ಗೆ ನನಗೆ ಅನುಮಾನವಿಲ್ಲ. ಇಡೀ ದಿನದಲ್ಲಿ ಅದೊಂದೇ ನನ್ನ ಕೈ ತಿದ್ದದ ಚಿತ್ರ.  ಒಳಗೆ ಬರುವಾಗ ನಾನು ಬಗ್ಗಿ, ಹೊಸ್ತಿಲು ಮುಟ್ಟಿ, ಆ ಲಿಂಗಕ್ಕೆ ಕೈ ಮುಗಿದಿದ್ದೆ. ಯಾರಿಗೆ ಮುಗಿದೆ? ಪೂಜಾರಿಯ ಸ್ಥಿತಿ ಇನ್ನೂ ಕಷ್ಟ; ಅವನು ದಿನಾ ಮುಗಿಯುವವನು. ವಿಭೂತಿ ಹೆಚ್ಚು ಬಿಳಿಯೋ ಅವನ ಮುಖ ಹೆಚ್ಚು ಬಿಳಿಯೋ ಗೊತ್ತಾಗುತ್ತಿರಲಿಲ್ಲ. ಅವನು ಆಯಿಯನ್ನು ಬಿಟ್ಟು ನನ್ನ ಕಡೆ ತಿರುಗಿದ. ಮೆಲ್ಲನೆ, ಬೇಡುವ ದನಿಯಲ್ಲಿ ಕೇಳಿದ:

“ಅಜ್ಜಿ ತೆಲಿ ಬರೋಬ್ಬರಿ ಐತೇನ್ರಿ?”

ಇಳಕಲ್ಲಿನಿಂದ ನಾನು ಹೊತ್ತುಕೊಂಡು ಬಂದ ಪ್ರಶ್ನೆಯನ್ನು ಅವನು ಕೇಳಿಬಿಟ್ಟಿದ್ದ. ಇಲ್ಲ ಎಂದರೆ ಎಲ್ಲವೂ ಸರಿಹೋಗುತ್ತಿತ್ತು. ವಯಸ್ಸಾದವರು, ಅರಳು ಮರಳು, ಕ್ಷಮಿಸಿರಿ ಎಂದರೆ ಸಾಕು. ಅವನ ದೇವರು ದೇವರಾಗಿಯೇ ಉಳಿಯುತ್ತಿದ್ದ, ಪ್ರಸಾದ ಕೊಟ್ಟು ಕಳಿಸುತ್ತಿದ್ದ, ನಾವು ಸಂಜೆಯ ರೈಲು ಹಿಡಿಯುತ್ತಿದ್ದೆವು. ಹೌದು ಎಂದರೆ ಈ ಓಣಿಯಲ್ಲಿ ಏನಾಗುತ್ತದೋ ಯಾರಿಗೆ ಗೊತ್ತು?  ಆಯಿಯ ಸೊಂಟದಲ್ಲಿ ಕೀಲಿಕೈಗಳ ಗೊಂಚಲು ಇತ್ತು. ಬೆರಳುಗಳು ಸೆರಗಿನ ತುದಿಯನ್ನು ಹಿಡಿದಿದ್ದವು, ಆದರೆ ಅಲ್ಲಾಡುತ್ತಿರಲಿಲ್ಲ.

“ಬರೋಬ್ಬರಿ ಐತ್ರಿ ಅಯ್ಯಾರ,” ಎಂದೆ.

ತಟ್ಟನೆ ಹೇಳಿದೆ ಎಂದು ಮಕ್ಕಳಿಗೆ ಹೇಳಿದ್ದೇನೆ. ತಟ್ಟನೆ ಹೇಳಿರಲಾರೆ. ಆಯಿಯ ಪ್ರಕಾರವಂತೂ ನಾನು ಬಾಯಿ ತೆರೆದದ್ದು ಗಂಟೆಯ ನೆರಳು ಸರಿದ ಮೇಲೆ. ಅದು ಅವಳ ಉತ್ಪ್ರೇಕ್ಷೆ. ಗಂಟೆಯ ಮೇಲೆ ಬಿಸಿಲೇ ಇರಲಿಲ್ಲ.

ಪೂಜಾರಿ ಲಿಂಗವನ್ನು ನೋಡಿದ, ಆಯಿಯನ್ನು ನೋಡಿದ, ಮತ್ತೆ ಲಿಂಗವನ್ನು ನೋಡಿದ. ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಅವನು ಮಾಡಿದ್ದು ಒಂದೇ ಕೆಲಸ. ಒಳಗೆ ಹೋಗಿ ದೀಪದ ಬತ್ತಿಯನ್ನು ಎಣ್ಣೆಯೊಳಕ್ಕೆ ಎಳೆದು ಶಾಂತ ಮಾಡಿ, ಬರಿ ಹೂಬುಟ್ಟಿ ಹಿಡಿದು ಹೊರಬಂದ.

“ನಾ ಬಿಲ್ಪತ್ರಿ ತರಾಕ ಹೋಗ್ತೇನಿ,” ಎಂದ, ಯಾರಿಗೂ ಅಲ್ಲ ಎನ್ನುವ ಹಾಗೆ. “ತುಸು ತಡಾ ಆಗತೈತಿ. ನಾ ಇಲ್ಲದಾಗ ಯಾರ್ ಬಂದ್ರು ಯಾರ್ ಹೋದ್ರು ನನಗೇನ್ ಗೊತ್ತು.”

ಬಾಗಿಲ ತನಕ ಹೋಗಿ ತಿರುಗಿ ಬಂದ. ಊರಲ್ಲಿ ಮಾತ್ರ ಯಾರಿಗೂ ಹೇಳಬೇಡ ಅವ್ವಾ ಎಂದು ಆಯಿಗೆ ಹೇಳಿ, ಓಣಿಗೆ ಇಳಿದ.

ಗರ್ಭಗುಡಿ ಕಗ್ಗತ್ತಲಾಗಿತ್ತು. ಆಯಿ ಮುಂದೆ, ನಾನು ಹಿಂದೆ. ಹಗಲಿನಲ್ಲೇ ಕಣ್ಣು ಮಂಜಾಗಿ ನನ್ನ ತೋಳು ಹಿಡಿದು ನಡೆಯುತ್ತಿದ್ದವಳು ಆ ಕತ್ತಲಲ್ಲಿ ಸರಸರ ಹೋದಳು. ಒಂದು ಕಡೆ ತಡೆದು, ಬಲಗಾಲನ್ನು ಮೊಣಕಾಲಿನ ಎತ್ತರಕ್ಕೆ ಎತ್ತಿ, ತಲೆ ಬಗ್ಗಿಸಿ, ದಾಟಿದಳು. ಹೊಸ್ತಿಲು ಸರಿಯಾಗಿ ಅಲ್ಲಿಯೇ ಇತ್ತು. ನನಗೆ ಗೊತ್ತಾದದ್ದು ಹೇಗೆಂದರೆ, ನಾನು ಎಡವಿ, ಮುಗ್ಗರಿಸಿ, ಮೇಲಿನ ಕಲ್ಲಿಗೆ ಹಣೆ ಬಡಿಸಿಕೊಂಡೆ. ಆ ಕಲೆ ಇನ್ನೂ ಇದೆ. ಅಥವಾ ಅದು ಬಾಗಲಕೋಟೆಯಲ್ಲಿ ಅರಳೆಯ ಮೂಟೆ ಬಿದ್ದದ್ದರ ಕಲೆ.

ಒಳಗೆ ಅವಳು ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಳು. ಕಾಣಲಿಲ್ಲ, ಕೀಲಿಯ ಸದ್ದಿನಿಂದ ತಿಳಿಯಿತು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ನೋಡು, ಗಾಳಿನ ಇಲ್ಲ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, ನನಗಲ್ಲ, ಲಿಂಗವಿದ್ದ ಕಡೆಗೆ, ಹೊಸದಾಗಿ ಬಂದ ಬಾಡಿಗೆಯವನೊಡನೆ ಮಾತಾಡುವ ಹಾಗೆ, “ನಾ ಇದ್ದ ಜಾಗಾದಾಗ ನೀ ಅದೀ. ಇರಪಾ. ಬೇಸ ಇರು,” ಎಂದಳು.

 ಇದಕ್ಕಿಂತ ದೊಡ್ಡ ಪೂಜೆಯನ್ನು ನಾನು ಕೇಳಿಲ್ಲ. ಇದಕ್ಕಿಂತ ದೊಡ್ಡ ಅಪಚಾರವನ್ನೂ ಕೇಳಿಲ್ಲ. ಎರಡರಲ್ಲಿ ಯಾವುದೆಂದು ಆಗ ನಿರ್ಧರಿಸಲು ಆಗಲಿಲ್ಲ. ಈಗಲೂ ಆಗಿಲ್ಲ.

ಇಳಕಲ್ಲಿಗೆ ಬಂದ ಮೇಲೆ ಆಯಿ ಕಾಲು ತೊಳೆದು, ಗಂಜಿ ಕುಡಿದು, ಮಲಗಿದಳು. ಅಪ್ಪ ಕುಣಿಯೊಳಗೆ ಕುಳಿತಿದ್ದರು. ಮನೆ ಇತ್ತೇನು ಎಂದು ಕೇಳಿದರು. ಇತ್ತು ಎಂದೆ. ನಮ್ಮಲ್ಲಿ ಮನೆಯನ್ನು ಅಳೆಯುವುದು ಅಂಕಣದ ಲೆಕ್ಕದಲ್ಲಿ, ಕಂಬದಿಂದ ಕಂಬಕ್ಕೆ. ಎಷ್ಟು ಅಂಕಣದ್ದು ಎಂದು ಕೇಳಿದರು. ಅದನ್ನೂ ಹೇಳಿದೆ. ಅಷ್ಟು ದೊಡ್ಡ ಮನೆಯೇ ಎಂದು ಅವರ ಮುಖ ಅರಳಿತು. ಆಗ ಉಳಿದದ್ದನ್ನೂ ಹೇಳಿದೆ, ಖರೆ ಹೇಳು ಎಂದವರು ಅವರೇ ಅಲ್ಲವೆ? ಗುಡಿ ಎಂದಾಗ ಲಾಳಿ ಕೆಳಗಿಟ್ಟರು. ಕುಣಿ, ಕಸ, ಲಿಂಗ ಎಂದಾಗ ಎದ್ದು ನಿಲ್ಲಲು ಹೋದರು. ಕುಣಿಯೊಳಗೆ ಕಾಲಿರುವುದು ಮರೆತು ಹಾಗೆಯೇ ಕುಸಿದು ಕುಳಿತರು. ಹಾಸಿನ ಎಳೆಗಳು ಪಟಪಟ ಹರಿದವು. ನನ್ನ ತಂದೆ ತಮ್ಮ ಕೈಯಾರೆ ಒಂದು ಹಾಸನ್ನು ಹಾಳು ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬಾಗಿಲ ಮರೆಯಲ್ಲಿದ್ದ ಚಿಗವ್ವ ಮೆಲ್ಲನೆ ಹೇಳಿದಳು:

“ಹುಚ್ಚು ಹಿಡದಿದ್ರ ಬೇಸಿತ್ತು. ಮನ್ಯಾಗ ಮುಚ್ಚಿ ಇಡಬೌದಿತ್ತು. ಖರೆ ಇದ್ರ ಎಲ್ಲಿ ಮುಚ್ಚಿಡೂದು?”

ಅವಳನ್ನು ನಾನು ಬೈಯಲಾರೆ. ಆ ದಿನ ಮನೆಯಲ್ಲಿ ಎಲ್ಲರ ಮನಸ್ಸಿನಲ್ಲೂ ಇದ್ದದ್ದನ್ನು ಅವಳು ಹೇಳಿದಳು. ಅಪ್ಪ ಬಹಳ ಹೊತ್ತು ಹರಿದ ಎಳೆಗಳನ್ನೇ ನೋಡುತ್ತಿದ್ದರು. ಕೊನೆಗೆ, ಅವ್ವ ಎದ್ದ ಮೇಲೆ ಇದನ್ನು ಕೂಡಿಸಲು ಹೇಳು, ಬೇರೆಯವರಿಗೆ ಆಗುವುದಿಲ್ಲ ಎಂದರು. ತೀರ್ಪು ಅಷ್ಟೇ. ಕೊಂಡಿಯೂ ಕೀಲಿಯೂ ಕಡೆಯ ತನಕ ಆಯಿಯಲ್ಲೇ ಉಳಿದವು. ಆದರೆ ಅಪ್ಪ ಆಮೇಲೆ ಯಾವ ಶಿವನ ಗುಡಿಗೆ ಹೋದರೂ ಮೊದಲು ಲಿಂಗದ ಬುಡವನ್ನು ನೋಡುತ್ತಿದ್ದರು, ಆಮೇಲೆ ಕೈ ಮುಗಿಯುತ್ತಿದ್ದರು. ನಾನೂ ಹಾಗೆಯೇ ಮಾಡುತ್ತೇನೆ.

ಆಯಿ ಹೋದ ಮೇಲೆ, ಎಷ್ಟೋ ವರ್ಷಕ್ಕೆ, ಒಬ್ಬನೇ ಬಾದಾಮಿಗೆ ಹೋಗಿದ್ದೆ. ಆ ಪೂಜಾರಿ ಇರಲಿಲ್ಲ. ಸುಣ್ಣವನ್ನು ಕೆರೆದು ತೆಗೆದಿದ್ದರು, ಹಾಗಾಗಿ ಯಾವ ಗುಡಿ ಎನ್ನುವುದೇ ಗುರುತು ಹತ್ತಲಿಲ್ಲ. ಸಿಕ್ಕ ಸಿಕ್ಕ ಗುಡಿಯನ್ನೆಲ್ಲ ಹೊಕ್ಕೆ. ನಾಗಪ್ಪ ಒಂದಕ್ಕಿಂತ ಹೆಚ್ಚು ಕಡೆ ಇದ್ದ. ಹಾರುವ ಗಂಡ ಹೆಂಡಿರು ಎಲ್ಲ ಕಡೆ ಇದ್ದರು. ಕಂಬಗಳ ಮೇಲೆ ಗೀರುಗಳಿದ್ದವು. ಕೆಲವು ಹಗ್ಗದವು, ಕೆಲವು ಉಳಿಯವು, ಕೆಲವು ಯಾವುದರವೋ. ಬೆರಳಿಟ್ಟು ನೋಡಿದರೂ ತಿಳಿಯಲಿಲ್ಲ. ಕೊನೆಗೆ ಒಂದು ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿಕೊಂಡು ಆಯಿಯ ಹಾಗೆ ನಡೆದೆ. ಎಲ್ಲಿ ಕಾಲೆತ್ತಬೇಕು ಅನ್ನಿಸಿತೋ ಅಲ್ಲಿ ಎತ್ತಿದೆ. ಹೊಸ್ತಿಲು ಸರಿಯಾಗಿ ಅಲ್ಲಿಯೇ ಇತ್ತು. ಮುಂದಿನ ಗುಡಿಯಲ್ಲೂ ಅಲ್ಲಿಯೇ ಇತ್ತು.

ನಾಳೆ ಬಡಿಗ ಬರುತ್ತಾನೆ. ಕಂಬಕ್ಕೆ ಏನು ಮಾಡಬೇಕೆಂದು ಹೇಳಬೇಕು. ಆಯಿ ಆ ಗುಡಿಯಲ್ಲಿ ಹುಟ್ಟಿದ್ದಳೋ, ಬೇರೆಯದರಲ್ಲೋ, ಯಾವ ಗುಡಿಯಲ್ಲೂ ಹುಟ್ಟಿಯೇ ಇರಲಿಲ್ಲವೋ ನನಗೆ ಗೊತ್ತಿಲ್ಲ. ಈ ಕಂಬದ ಗೀರು ಮಜ್ಜಿಗೆ ಹಗ್ಗದ್ದು ಎನ್ನುವುದಷ್ಟು ಗೊತ್ತು.